ಉರಿಯುವುದೋ, ಉರಿಯದೋ?

ಕೋಲಾರದಿಂದ ಬೆಂಗಳೂರಿಗೆ ಬರುವ ಬಸ್ಸು ಹೊಸಕೋಟೆಯನ್ನು ಸಮೀಪಿಸುತ್ತಿತ್ತು. ಅಲ್ಲಿಗೆ ಅನತಿದೂರದಲ್ಲಿರುವ ದೇವನಗೊಂದಿಯಲ್ಲಿ ತೈಲ ಸಂಸ್ಥೆಗಳ ದೊಡ್ಡ ಉಗ್ರಾಣಗಳಿರುವುದರಿಂದ ಆ ಭಾಗದಲ್ಲಿ ಪೆಟ್ರೋಲು ಟ್ಯಾಂಕರುಗಳ ಸಂಚಾರ ಹೆಚ್ಚು. ಬಸ್ಸಿನ ಮುಂದೆಯೂ ಒಂದು ಟ್ಯಾಂಕರು ನಿಧಾನವಾಗಿ ಸಾಗುತ್ತಿತ್ತು. ಅದರ ಹಿಂಭಾಗದಲ್ಲಿ ದಪ್ಪ ಕೆಂಪಕ್ಷರಗಳಲ್ಲಿ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂದು ಬರೆದಿತ್ತು. ಚಾಲಕನ ಹಿಂದಿನ ಆಸನದಲ್ಲಿ ತಂದೆಯ ಪಕ್ಕದಲ್ಲಿ ಕುಳಿತಿದ್ದ ಹನ್ನೊಂದು ವರ್ಷದ ಹುಡುಗ ಅದನ್ನು ಅಕ್ಷರ ಅಕ್ಷರವಾಗಿ ಓದಿಕೊಂಡ.

“ಅಪ್ಪಾ, ಅಲ್ಲಿ ನೋಡು. ಆ ಲಾರೀಲಿರೋ ಪೆಟ್ರೋಲಿಗೆ ಬೆಂಕಿಯೇ ಹತ್ತೋದಿಲ್ಲವಂತೆ!”

ತಂದೆ ನಕ್ಕರು. “ಪೆಟ್ರೋಲಿಗೆ ಹತ್ತದ ಬೆಂಕಿ ಇನ್ನೇನು ನೀರಿಗೆ ಹತ್ತುತ್ತೇನೋ?”

“ಅಲ್ಲೇ ಬರೆದಿದೆಯಲ್ಲ! ಕರೆಕ್ಟ್ ಅಂದರೆ ಸರಿ, ಇನ್‌ಕರೆಕ್ಟ್ ಅಂದರೆ ತಪ್ಪು. ವಿಸಿಬಲ್ ಅಂದರೆ ಕಾಣೋದು, ಇನ್‌ವಿಸಿಬಲ್ ಅಂದರೆ ಕಾಣದೇ ಇರೋದು. ಹಾಗಾದರೆ ಫ್ಲ್ಯಾಮಬಲ್ ಅಂದರೆ ಉರಿಯೋದು, ಇನ್‌ಫ್ಲ್ಯಾಮಬಲ್ ಅಂದರೆ ಉರಿಯದೇ ಇರೋದು ತಾನೆ? ನಮ್ಮ ಮಿಸ್ಸೇ ಹೇಳಿಕೊಟ್ಟಿದ್ದಾರೆ.”

ತಂದೆ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿಯೇ ಪತ್ರವ್ಯವಹಾರ ನಡೆಸಿದವರು. ಮಗನ ಮಾತು ತಪ್ಪೆಂಬುದು ಅವರಿಗೆ ತಿಳಿದಿತ್ತು. ಏಕೆ ತಪ್ಪೆಂಬುದು ತಿಳಿದಿರಲಿಲ್ಲ. “ಇಂಗ್ಲಿಷೇ ಹಾಗೆ ಕಣೋ” ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಆದರೆ ಆ ಉತ್ತರ ಹುಡುಗನಿಗೂ ಸಮಾಧಾನ ತರಲಿಲ್ಲ, ಅವರಿಗೂ ತರಲಿಲ್ಲ.

ಹುಡುಗನ ತರ್ಕದಲ್ಲಿ ದೋಷವಿಲ್ಲ. ದೋಷವಿರುವುದು ಆ ಮಾತಿನಲ್ಲಿ. ನಿಘಂಟನ್ನು ತೆರೆದು ನೋಡಿದರೆ ‘ಫ್ಲ್ಯಾಮಬಲ್’ ಎಂಬುದಕ್ಕೆ ಸುಲಭವಾಗಿ ಹೊತ್ತಿಕೊಳ್ಳುವ ಎಂದು ಅರ್ಥ ಕೊಟ್ಟಿರುತ್ತದೆ. ‘ಇನ್‌ಫ್ಲ್ಯಾಮಬಲ್’ ಎಂಬುದಕ್ಕೂ ಸುಲಭವಾಗಿ ಹೊತ್ತಿಕೊಳ್ಳುವ ಎಂದೇ ಅರ್ಥ. ಒಂದಕ್ಕೊಂದು ವಿರುದ್ಧವಾಗಿ ಕಾಣುವ ಎರಡು ಮಾತುಗಳು ಒಂದೇ ಅಪಾಯವನ್ನು ಸೂಚಿಸುತ್ತವೆ. ಉರಿಯದ ವಸ್ತುವನ್ನು ಹೇಳಬೇಕಾದರೆ ‘ನಾನ್‌ಫ್ಲ್ಯಾಮಬಲ್’ ಎಂಬ ಮೂರನೆಯ ಮಾತನ್ನೇ ಬಳಸಬೇಕು.

ಈ ತೊಡಕಿನ ಮೂಲವಿರುವುದು ಲ್ಯಾಟಿನ್ ಭಾಷೆಯಲ್ಲಿ. ಆ ಭಾಷೆಯಲ್ಲಿ ‘ಫ್ಲಾಮ್ಮ’ ಎಂದರೆ ಜ್ವಾಲೆ. ‘ಇನ್‌ಫ್ಲಾಮ್ಮಾರೆ’ ಎಂದರೆ ಉರಿ ಹಚ್ಚು, ಹೊತ್ತಿಸು. ಇಲ್ಲಿರುವ ‘ಇನ್’ ನಿಷೇಧಾರ್ಥದ್ದಲ್ಲ. ಅದು ‘ಒಳಕ್ಕೆ’, ‘ಒಳಗೆ ತುಂಬುವಂತೆ’ ಎಂಬ ಅರ್ಥದ್ದು. ವೈದ್ಯರು ಸೂಜಿಯಿಂದ ಒಳಕ್ಕೆ ಔಷಧ ಸೇರಿಸುವ ‘ಇಂಜೆಕ್ಷನ್’ ಎಂಬ ಮಾತಿನಲ್ಲಿರುವುದೂ ಇದೇ ‘ಇನ್’. ಗಾಯವಾದ ಜಾಗ ಕೆಂಪೇರಿ, ಕಾವೇರಿ, ಊದಿಕೊಂಡಾಗ ವೈದ್ಯರು ‘ಇನ್‌ಫ್ಲಮೇಷನ್’ ಎನ್ನುತ್ತಾರೆ. ಕನ್ನಡದಲ್ಲಿ ಅದು ‘ಉರಿಯೂತ’. ಅಲ್ಲಿ ಉರಿ ಇಲ್ಲವೆಂದು ಯಾರೂ ತಿಳಿಯುವುದಿಲ್ಲ. ಉರಿ ಒಳಹೊಕ್ಕಿದೆಯೆಂದೇ ತಿಳಿಯುತ್ತಾರೆ.

ಆದರೆ ಲ್ಯಾಟಿನಿನಲ್ಲಿ ಇನ್ನೊಂದು ‘ಇನ್’ ಕೂಡ ಉಂಟು. ರೂಪದಲ್ಲಿ ಅವಳಿಯಾದರೂ ಹುಟ್ಟಿನಲ್ಲಿ ಅದು ಬೇರೆ. ಅದರ ಅರ್ಥ ‘ಇಲ್ಲ’, ‘ಅಲ್ಲ’ ಎಂದು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಅಸಾಧ್ಯ, ಅನುಚಿತ ಮೊದಲಾದ ಮಾತುಗಳ ಆದಿಯಲ್ಲಿರುವ ‘ಅ’, ‘ಅನ್’ ಎಂಬವುಗಳಿಗೆ ಈ ಎರಡನೆಯ ‘ಇನ್’ ದಾಯಾದಿ. ಹುಡುಗನಿಗೆ ಶಾಲೆಯಲ್ಲಿ ಕಲಿಸಿದ್ದು ಇದನ್ನೇ. ಒಂದೇ ವೇಷದಲ್ಲಿ ಇಬ್ಬರು ಓಡಾಡುತ್ತಿದ್ದರೆ ಊರಿನವರು ಗುರುತು ಹಿಡಿದಾರು, ಪರಊರಿನವರು ಮೋಸಹೋಗುವುದು ಸಹಜ. ಇಂಗ್ಲಿಷು ನಮಗೆ ಪರಊರಿನ ಭಾಷೆಯೇ ಸರಿ. ಆದರೆ ಈ ಮಾತಿನ ವಿಷಯದಲ್ಲಿ ಆ ಊರಿನವರೂ ಮೋಸಹೋಗುವುದುಂಟು.

ಕನ್ನಡಿಗರಿಗೆ ಇಂತಹ ಗೊಂದಲ ಹೊಸದೇನೂ ಅಲ್ಲ. ‘ವಿಫಲ’ ಎಂದರೆ ಫಲವಿಲ್ಲದ್ದು, ‘ವಿಮಲ’ ಎಂದರೆ ಮಲವಿಲ್ಲದ್ದು. ಹೀಗೆಂದು ‘ವಿಖ್ಯಾತ’ ಎಂದರೆ ಖ್ಯಾತಿಯಿಲ್ಲದವನೆಂದೂ ‘ವಿಶುದ್ಧ’ ಎಂದರೆ ಶುದ್ಧಿಯಿಲ್ಲದ್ದೆಂದೂ ಅರ್ಥ ಮಾಡಲು ಹೊರಟರೆ ಸಭೆಯಲ್ಲಿ ನಗೆಪಾಟಲಾಗಬೇಕಾದೀತು. ‘ನಿರ್ದಯ’ನಿಗೆ ದಯೆಯಿಲ್ಲ, ಆದರೆ ‘ನಿರ್ಣಯ’ದಲ್ಲಿ, ‘ನಿರ್ಮಾಣ’ದಲ್ಲಿ ಏನೂ ಇಲ್ಲವಾಗುವುದಿಲ್ಲ. ನಿಷೇಧದ ‘ಅ’ಕಾರವೇ ಇದ್ದಾಗಲೂ ಅರ್ಥ ತಲೆಕೆಳಗಾಗಬಹುದು. ಬೆಲೆಯಿಲ್ಲದ ವಸ್ತುವನ್ನು ನಾವು ಕಸದ ಬುಟ್ಟಿಗೆ ಹಾಕುತ್ತೇವೆ; ‘ಅಮೂಲ್ಯ’ ವಸ್ತುವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಇಂಗ್ಲಿಷಿನ ‘ಇನ್‌ವ್ಯಾಲ್ಯುಬಲ್’ ಕೂಡ ಇದೇ ಜಾತಿಯದು. ‘ಅನುತ್ತಮ’ ಎಂಬ ಮಾತನ್ನು ಉತ್ತಮವಲ್ಲದ್ದು ಎಂದು ಓದಿಕೊಂಡರೆ ಹೊಗಳಿಕೆ ತೆಗಳಿಕೆಯಾಗುತ್ತದೆ. ಅದಕ್ಕಿಂತ ಉತ್ತಮವಾದದ್ದು ಇನ್ನೊಂದಿಲ್ಲ ಎಂಬುದೇ ಅದರ ಹಳೆಯ ಅರ್ಥ.

ಇಂತಹ ಮಾತುಗಳನ್ನು ತಪ್ಪಾಗಿ ತಿಳಿದರೆ ಹೆಚ್ಚೆಂದರೆ ನಾಲ್ಕು ಜನ ನಕ್ಕಾರು. ಟ್ಯಾಂಕರಿನ ಮೇಲೆ, ಔಷಧದ ಸೀಸೆಯ ಮೇಲೆ, ಬಣ್ಣದ ಡಬ್ಬದ ಮೇಲೆ ಬರೆದಿರುವ ಮಾತನ್ನು ತಪ್ಪಾಗಿ ತಿಳಿದರೆ ಮನೆ ಸುಟ್ಟೀತು.

‘ಇನ್‌ಫ್ಲ್ಯಾಮಬಲ್’ ಬಹಳ ಹಿರಿಯ ಮಾತು. ಬೆಂಕಿಗೆ ಸಂಬಂಧಿಸಿದಂತೆ ಅದು ಇಂಗ್ಲಿಷಿನಲ್ಲಿ ನಾಲ್ಕು ಶತಮಾನಗಳಿಂದ ಬಳಕೆಯಲ್ಲಿದೆ. 1766ರಲ್ಲಿ ಹೆನ್ರಿ ಕ್ಯಾವೆಂಡಿಷ್ ಎಂಬ ವಿಜ್ಞಾನಿ ಲೋಹಗಳ ಮೇಲೆ ಆಮ್ಲವನ್ನು ಪ್ರಯೋಗಿಸಿ ಪಡೆದ ಅನಿಲವನ್ನು ಪರೀಕ್ಷಿಸಿ ಅದನ್ನು ‘ಇನ್‌ಫ್ಲ್ಯಾಮಬಲ್ ಏರ್’, ಎಂದರೆ ಉರಿಯುವ ಗಾಳಿ, ಎಂದು ಕರೆದ. ಇಂದು ನಾವು ಜಲಜನಕವೆನ್ನುವುದು ಅದನ್ನೇ. ಲ್ಯಾಟಿನ್ ಬಲ್ಲ ವಿದ್ವಾಂಸರು ಆ ಲೇಖನವನ್ನು ಓದುವಾಗ ಯಾರಿಗೂ ಸಂಶಯ ಬರುವಂತಿರಲಿಲ್ಲ. ‘ಫ್ಲ್ಯಾಮಬಲ್’ ಎಂಬುದು ಹುಟ್ಟಿದ್ದು 19ನೆಯ ಶತಮಾನದ ಆರಂಭದಲ್ಲಿ. ಹುಟ್ಟಿದ ಮೇಲೂ ನೂರು ವರ್ಷಗಳ ಕಾಲ ಅದನ್ನು ಹೆಚ್ಚಾಗಿ ಯಾರೂ ಬಳಸಲಿಲ್ಲ.

ಮೂಲೆಯಲ್ಲಿದ್ದ ಆ ಮಾತನ್ನು ಕರೆತಂದು ಮುಂದೆ ಕೂರಿಸಿದವರು ಪಂಡಿತರಲ್ಲ, ಬೆಂಕಿಯ ಅನಾಹುತಗಳನ್ನು ತಡೆಯುವ ಕೆಲಸದಲ್ಲಿದ್ದವರು. ಮೋಟಾರುಗಳು ಹೆಚ್ಚಿದಂತೆ ಪೆಟ್ರೋಲು ಊರೂರಿಗೂ ಹರಿಯಿತು. ಲ್ಯಾಟಿನಿನ ಗಂಧವಿಲ್ಲದ ಕೂಲಿಗಳು, ಚಾಲಕರು, ಅಂಗಡಿಯ ಹುಡುಗರು ಆ ಡಬ್ಬಗಳನ್ನು ಹೊತ್ತು ಇಳಿಸುವಂತಾಯಿತು. ‘ಇನ್‌ಫ್ಲ್ಯಾಮಬಲ್’ ಎಂಬುದನ್ನು ಓದಿ, ಇದು ಉರಿಯದ ವಸ್ತುವೆಂದು ತಿಳಿದು ಒಬ್ಬನೇ ಒಬ್ಬ ಬೀಡಿ ಹಚ್ಚಿದರೂ ಸಾಕು. ಈ ಭಯದಿಂದ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲಿ ‘ಇನ್’ ಬಿಟ್ಟು ‘ಫ್ಲ್ಯಾಮಬಲ್’ ಎಂದು ಮಾತ್ರ ಬರೆಯಬೇಕೆಂದು ಒತ್ತಾಯಿಸಿತು. 1959ರಲ್ಲಿ ಬ್ರಿಟನ್ನಿನ ಮಾನಕ ಸಂಸ್ಥೆಯೂ ಅದೇ ನೀತಿಯನ್ನು ಕೈಗೊಂಡಿತು. ಹಳೆಯ ಮಾತು ವ್ಯಾಕರಣಶುದ್ಧವಾಗಿದೆಯೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ವ್ಯಾಕರಣಕ್ಕಿಂತ ಪ್ರಾಣ ದೊಡ್ಡದೆಂದು ತೀರ್ಮಾನಿಸಿದರು, ಅಷ್ಟೇ.

ಎರಡು ದೇಶಗಳ ಶಾಸನಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಈ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ. 1952ರಲ್ಲಿ ಭಾರತದ ಸಂಸತ್ತು ಅಸಿಟೋನ್, ಮದ್ಯಸಾರ, ಕ್ಯಾಲ್ಸಿಯಂ ಕಾರ್ಬೈಡ್, ಆ ಕಾಲದ ನೈಟ್ರೊಸೆಲ್ಯುಲೋಸ್ ಸಿನಿಮಾ ಸುರುಳಿ ಮೊದಲಾದವುಗಳ ಸಾಗಣೆ, ಸಂಗ್ರಹಗಳನ್ನು ನಿಯಂತ್ರಿಸಲು ಒಂದು ಕಾಯಿದೆಯನ್ನು ಮಾಡಿತು. ಅದರ ಹೆಸರು ‘ಇನ್‌ಫ್ಲ್ಯಾಮಬಲ್ ಸಬ್‌ಸ್ಟೆನ್ಸಸ್ ಆ್ಯಕ್ಟ್’. ಮರುವರ್ಷ, 1953ರಲ್ಲಿ, ಅಮೆರಿಕವು ಬಟ್ಟೆಗಳಿಗೆ ಸಂಬಂಧಿಸಿದಂತೆ ಒಂದು ಕಾಯಿದೆಯನ್ನು ತಂದಿತು. ಅದಕ್ಕೂ ಹಿಂದಿನ ದಶಕದಲ್ಲಿ ನವಿರಾದ ರೇಯಾನ್ ಎಳೆಗಳ ಸ್ವೆಟರುಗಳೂ ಮಕ್ಕಳು ಆಟಕ್ಕೆ ತೊಡುವ ಕೌಬಾಯ್ ಉಡುಪುಗಳೂ ಕಿಡಿ ತಾಗಿದೊಡನೆ ಭಗ್ಗೆಂದು ಹೊತ್ತಿ ಎಳೆಯ ಜೀವಗಳು ಹೋಗಿದ್ದವು. ಆ ಕಾಯಿದೆಗೆ ಇಟ್ಟ ಹೆಸರು ‘ಫ್ಲ್ಯಾಮಬಲ್ ಫ್ಯಾಬ್ರಿಕ್ಸ್ ಆ್ಯಕ್ಟ್’. ಎರಡು ಶಾಸನಗಳ ನಡುವೆ ಇರುವುದು ಒಂದೇ ವರ್ಷ. ಎರಡು ಮಾತುಗಳ ನಡುವೆ ಇರುವುದು ಒಂದೇ ಉಪಸರ್ಗ.

ಈಗ ವಿಶ್ವಸಂಸ್ಥೆಯ ಸಾಗಣೆಯ ನಿಯಮಾವಳಿಯಲ್ಲಿ ಇಂತಹ ದ್ರವಗಳೆಲ್ಲ ಮೂರನೆಯ ವರ್ಗಕ್ಕೆ ಸೇರಿವೆ. ಅವುಗಳಿಗೆ ಅಲ್ಲಿರುವ ಹೆಸರು ‘ಫ್ಲ್ಯಾಮಬಲ್ ಲಿಕ್ವಿಡ್ಸ್’. ಫ್ರೆಂಚ್ ಭಾಷೆಯವರು ಮಾತ್ರ ಹಳೆಯ ‘ಇನ್’ ರೂಪವನ್ನು ಬಿಟ್ಟಿಲ್ಲ. ಆದ್ದರಿಂದ ಇಂಗ್ಲಿಷು, ಫ್ರೆಂಚು ಎರಡನ್ನೂ ಬರೆಯಬೇಕಾದ ಕೆನಡಾ ದೇಶದಲ್ಲಿ ಒಂದೇ ಡಬ್ಬದ ಮೇಲೆ ‘ಫ್ಲ್ಯಾಮಬಲ್’ ಎಂದೂ ‘ಇನ್‌ಫ್ಲ್ಯಾಮಬಲ್’ ಎಂದೂ ಒಟ್ಟಿಗೆ ಬರೆದಿರುತ್ತದೆ. ಹೊಸಕೋಟೆಯ ಹುಡುಗ ಅದನ್ನು ಕಂಡಿದ್ದರೆ, ಇದು ಉರಿಯುವುದೂ ಹೌದು ಉರಿಯದ್ದೂ ಹೌದು ಎಂದು ಓದಿಕೊಂಡು ಬೆರಗಾಗುತ್ತಿದ್ದ!

ಇಂತಹ ಗೊಂದಲಕ್ಕೆ ಎಡೆಯಿಲ್ಲದಂತೆ ಮಾತಿನ ಜೊತೆಗೆ ಚಿತ್ರವನ್ನೂ ಹಾಕುವ ಪದ್ಧತಿ ಬಂದಿದೆ. ಟ್ಯಾಂಕರಿನ ಮೇಲೆ ಕೆಂಪು ವಜ್ರಾಕೃತಿಯಲ್ಲಿ ಒಂದು ಜ್ವಾಲೆಯ ಚಿತ್ರ, ಪಕ್ಕದ ಫಲಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಇರುತ್ತವೆ. 1203 ಎಂದಿದ್ದರೆ ಪೆಟ್ರೋಲು, 1202 ಎಂದಿದ್ದರೆ ಡೀಸೆಲು, 1223 ಎಂದಿದ್ದರೆ ಸೀಮೆಎಣ್ಣೆ. ಅಗ್ನಿಶಾಮಕ ದಳದವರು ದೂರದಿಂದಲೇ ಸಂಖ್ಯೆಯನ್ನು ಓದಿ, ಯಾವ ವಸ್ತುವಿಗೆ ಬೆಂಕಿ ಬಿದ್ದಿದೆಯೆಂದು ತಿಳಿಯಬಹುದು. ಚಿತ್ರಕ್ಕೆ ಉಪಸರ್ಗವಿಲ್ಲ, ಅದನ್ನು ಓದಲು ಲ್ಯಾಟಿನ್ ಬೇಡ, ಇಂಗ್ಲಿಷೂ ಬೇಡ.

ಹಾಗಾದರೆ ‘ಇನ್‌ಫ್ಲ್ಯಾಮಬಲ್’ ಎಂಬುದಕ್ಕೆ ಇನ್ನು ಕೆಲಸವಿಲ್ಲವೆ? ಇದೆ. ಎರಡು ಮಾತುಗಳ ನಡುವೆ ಏನಾದರೂ ವ್ಯತ್ಯಾಸ ಉಳಿದಿದ್ದರೆ ಅದು ಇಲ್ಲಿಯೇ. ಪೆಟ್ರೋಲು, ಬಟ್ಟೆ, ಬಣ್ಣಗಳ ವಿಷಯದಲ್ಲಿ ‘ಫ್ಲ್ಯಾಮಬಲ್’ ಎನ್ನುವುದು ಒಳ್ಳೆಯದು. ಮೂಗಿನ ತುದಿಯಲ್ಲಿ ಕೋಪವಿರುವ ಮನುಷ್ಯನ ಸ್ವಭಾವವನ್ನೋ, ಸಣ್ಣ ಕಿಡಿಗೂ ಗಲಭೆಯೇಳುವಂತಿರುವ ಊರಿನ ಪರಿಸ್ಥಿತಿಯನ್ನೋ ವರ್ಣಿಸುವಾಗ ಇಂಗ್ಲಿಷಿನ ಬರಹಗಾರರು ‘ಇನ್‌ಫ್ಲ್ಯಾಮಬಲ್’ ಎನ್ನುತ್ತಾರೆ. ಅಲ್ಲಿ ‘ಫ್ಲ್ಯಾಮಬಲ್’ ಹೊಂದುವುದಿಲ್ಲ. ಜನರನ್ನು ಕೆರಳಿಸುವ ಭಾಷಣವನ್ನು ‘ಇನ್‌ಫ್ಲಮೇಟರಿ’ ಎನ್ನುವುದೂ ಇದೇ ಮೂಲದಿಂದ. ಒಂದು ಹೊತ್ತಿಕೊಳ್ಳುವಂಥದು, ಇನ್ನೊಂದು ಹೊತ್ತಿಸುವಂಥದು. ಈ ಎರಡನ್ನು ಅದಲುಬದಲು ಮಾಡಬಾರದು.

ಇನ್ನೊಂದು ಜೋಡಿಯ ಕಥೆ ಇದಕ್ಕೆ ತದ್ವಿರುದ್ಧವಾಗಿದೆ. ‘ಫ್ಲ್ಯಾಮಬಲ್’ ಮತ್ತು ‘ಕಂಬಸ್ಟಿಬಲ್’ ಎಂಬವು ಒಂದೇ ಅರ್ಥದ ಮಾತುಗಳಂತೆ ಕಾಣುತ್ತವೆ. ಅನೇಕರು ಹಾಗೆಯೇ ಬಳಸುತ್ತಾರೆ. ಆದರೆ ಬೆಂಕಿಯ ಶಾಸ್ತ್ರದಲ್ಲಿ ಅವು ಬೇರೆ. ಸೌದೆ ಉರಿಯುತ್ತದೆ, ಕಾಗದ ಉರಿಯುತ್ತದೆ, ಇದ್ದಲು ಉರಿಯುತ್ತದೆ. ಉರಿಯಬಲ್ಲದ್ದೆಲ್ಲವೂ ‘ಕಂಬಸ್ಟಿಬಲ್’. ಕಡ್ಡಿ ಗೀರುವುದನ್ನೇ ಕಾಯುತ್ತಿರುವಂಥದು ‘ಫ್ಲ್ಯಾಮಬಲ್’. ತೇವದ ಸೌದೆಯ ಮುಂದೆ ಕುಳಿತು ಊದುಗೊಳವೆ ಹಿಡಿದು ಕಣ್ಣೀರು ಸುರಿಸಿದ ಹಿರಿಯರಿಗೆ ಮೊದಲನೆಯ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ದ್ರವಗಳಲ್ಲಿ ಈ ಗೆರೆಯನ್ನು ಅಳತೆಮಾಡಿಯೇ ಎಳೆಯುತ್ತಾರೆ. ಎಣ್ಣೆ ಉರಿಯುತ್ತದೆಯೆಂದು ನಾವು ಹೇಳುವುದು ವಾಡಿಕೆಯಾದರೂ ನಿಜವಾಗಿ ಹೊತ್ತಿಕೊಳ್ಳುವುದು ಅದರ ಮೇಲೆ ಏಳುವ ಆವಿ. ದ್ರವವನ್ನು ಮೆಲ್ಲಗೆ ಬಿಸಿಮಾಡುತ್ತ ಹೋದರೆ ಒಂದು ಹಂತದಲ್ಲಿ, ಕಿಡಿ ತೋರಿಸಿದೊಡನೆ ಫಕ್ಕನೆ ಹೊತ್ತುವಷ್ಟು ಆವಿ ಏಳುತ್ತದೆ. ಆ ಉಷ್ಣತೆಯನ್ನು ‘ಫ್ಲ್ಯಾಶ್ ಪಾಯಿಂಟ್’ ಎನ್ನುತ್ತಾರೆ. ಪೆಟ್ರೋಲಿಗೆ ಇದು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಸುಮಾರು 40 ಡಿಗ್ರಿ ಕೆಳಗೆ. ಎಂದರೆ ಹಿಮಾಲಯದ ಹಿಮದಲ್ಲಿಟ್ಟರೂ ಅದು ಹೊತ್ತಲು ಸಿದ್ಧ. ಕಡಲೆಕಾಯಿ ಎಣ್ಣೆಗೆ ಇದು ಅದಕ್ಕಿಂತ ಬಹಳ ಮೇಲೆ; ಆದ್ದರಿಂದಲೇ ಗೃಹಿಣಿ ಬಾಣಲೆಯ ಮುಂದೆ ನಿಶ್ಚಿಂತೆಯಿಂದ ಹಪ್ಪಳ ಕರಿಯಬಹುದು. ಆದರೆ ಬಾಣಲೆಯನ್ನು ಒಲೆಯ ಮೇಲೆ ಮರೆತು ದೂರವಾಣಿಯಲ್ಲಿ ಮಾತಿಗೆ ನಿಂತರೆ ಆ ನಿಶ್ಚಿಂತೆ ಉಳಿಯುವುದಿಲ್ಲ.

ಅಮೆರಿಕದ ನಿಯಮಗಳಲ್ಲಿ ಬಹುಕಾಲ 100 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್, ಎಂಬುದೇ ಗೆರೆಯಾಗಿತ್ತು. ಅದಕ್ಕಿಂತ ಕೆಳಗೆ ಹೊತ್ತುವ ದ್ರವ ‘ಫ್ಲ್ಯಾಮಬಲ್’, ಅದಕ್ಕೂ ಮೇಲೆ ಹೊತ್ತುವುದು ‘ಕಂಬಸ್ಟಿಬಲ್’. ಭಾರತದಲ್ಲಿ 1934ರ ಪೆಟ್ರೋಲಿಯಂ ಕಾಯಿದೆ ಈ ಮಾತುಗಳ ಗೊಡವೆಗೇ ಹೋಗದೆ ಎ, ಬಿ, ಸಿ ಎಂದು ಮೂರು ವರ್ಗಗಳನ್ನು ಮಾಡಿದೆ. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೊತ್ತುವುದು ಎ. 23ರಿಂದ 65ರೊಳಗೆ ಬಿ. 65ರಿಂದ 93ರೊಳಗೆ ಸಿ. ಪೆಟ್ರೋಲು ಎ ವರ್ಗದ್ದು. ಸೀಮೆಎಣ್ಣೆ, ಡೀಸೆಲುಗಳು ಬಿ ವರ್ಗಕ್ಕೆ ಸೇರುತ್ತವೆ.

ಇಲ್ಲಿ ನಮ್ಮ ನಾಡಿನವರು ಗಮನಿಸಬೇಕಾದ ಒಂದು ವಿಷಯವಿದೆ. ಸೀಮೆಎಣ್ಣೆಯ ಫ್ಲ್ಯಾಶ್ ಪಾಯಿಂಟು 35 ಡಿಗ್ರಿಗಿಂತ ಕಡಿಮೆಯಿರಬಾರದೆಂದು ಭಾರತದ ಮಾನಕ ಹೇಳುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಈ ಎಣ್ಣೆ ಸಾಧು ಪ್ರಾಣಿ. ಕಲಬುರಗಿಯಲ್ಲಿ, ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಅಪರೂಪವಲ್ಲ. ತಗಡಿನ ಛಾವಣಿಯ ಕೆಳಗೆ ಇಟ್ಟಿರುವ ಅದೇ ಡಬ್ಬ ಅಂದು ಬೇರೆಯದೇ ಪ್ರಾಣಿಯಾಗಿ ನಿಂತಿರುತ್ತದೆ. ಡಬ್ಬದ ಮೇಲಿನ ಹೆಸರು ಮಾತ್ರ ಬದಲಾಗಿರುವುದಿಲ್ಲ. ಸೀಮೆಎಣ್ಣೆಗೆ ಪೆಟ್ರೋಲು ಬೆರೆಸಿದರಂತೂ ಸ್ವಲ್ಪವೇ ಬೆರೆತರೂ ಅದು ತಂಪಿನಲ್ಲಿಯೇ ಹೊತ್ತುವಂತಾಗುತ್ತದೆ. ಪಂಪು ಒಲೆಗಳು ಮನೆಮನೆಯಲ್ಲಿದ್ದ ಕಾಲದಲ್ಲಿ ಇಂತಹ ಕಲಬೆರಕೆಯ ಎಣ್ಣೆ ಒಲೆಯ ಮುಂದೆ ಕುಳಿತವರ ಜೀವಕ್ಕೇ ಸಂಚಕಾರ ತರುವಂಥದಾಗಿತ್ತು.

ಮಾತು ಮನುಷ್ಯನ ಕೈಯನ್ನು ಹೇಗೆ ನಡೆಸುತ್ತದೆಯೆಂಬುದನ್ನು ವಿಚಾರಮಾಡಿದವರಲ್ಲಿ ಬೆಂಜಮಿನ್ ಲೀ ವೋರ್ಫ್ ಎಂಬ ಅಮೆರಿಕನ್ನನ ಹೆಸರು ದೊಡ್ಡದು. ಅವನು ವೃತ್ತಿಯಿಂದ ಭಾಷಾಪಂಡಿತನಲ್ಲ. ರಸಾಯನಶಿಲ್ಪವನ್ನು ಓದಿ 1919ರಲ್ಲಿ ಹಾರ್ಟ್‌ಫರ್ಡ್ ನಗರದ ಒಂದು ಅಗ್ನಿವಿಮಾ ಸಂಸ್ಥೆಯನ್ನು ಸೇರಿ, 1941ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ದುಡಿದ. ಕಾರ್ಖಾನೆಗಳಿಗೆ ಹೋಗಿ ಬೆಂಕಿ ಏಕೆ ಬಿತ್ತು, ಹೇಗೆ ಬೀಳಬಹುದು ಎಂದು ಪರೀಕ್ಷಿಸುವುದು ಅವನ ಕೆಲಸ. ತಂತಿಯ ದೋಷ, ಯಂತ್ರದ ದೋಷಗಳನ್ನು ಹುಡುಕಲು ಹೋದವನಿಗೆ ಹಲವು ಕಡೆ ಮಾತಿನ ದೋಷ ಸಿಕ್ಕಿತು.

ಅವನು ಕೊಟ್ಟ ಒಂದು ಉದಾಹರಣೆ ಪ್ರಸಿದ್ಧವಾಗಿದೆ. ಪೆಟ್ರೋಲು ತುಂಬಿದ ಪೀಪಾಯಿಗಳಿರುವ ಜಾಗದಲ್ಲಿ ಕೆಲಸಗಾರರು ಬಹು ಎಚ್ಚರಿಕೆಯಿಂದ ನಡೆದುಕೊಳ್ಳುತ್ತಿದ್ದರು. ‘ಖಾಲಿ’ ಪೀಪಾಯಿಗಳಿರುವ ಜಾಗದಲ್ಲಿ ಮಾತ್ರ ಸಿಗರೇಟು ಸೇದುತ್ತ, ತುಂಡನ್ನು ಅಲ್ಲಿಯೇ ಎಸೆಯುತ್ತ ಇದ್ದರು. ಪೀಪಾಯಿ ಖಾಲಿಯಾಗಿದ್ದುದು ದ್ರವದಿಂದ. ಅದರೊಳಗೆ ಆವಿ ತುಂಬಿತ್ತು. ತುಂಬಿದ ಪೀಪಾಯಿಗಿಂತ ಅದೇ ಹೆಚ್ಚು ಅಪಾಯದ್ದು. ಆದರೆ ಖಾಲಿಯೆಂಬ ಮಾತಿಗೆ ಏನೂ ಇಲ್ಲ, ಇನ್ನು ಭಯವಿಲ್ಲ ಎಂಬ ಧ್ವನಿಯೂ ಉಂಟು. ಕಣ್ಣಿಗೆ ಕಾಣದ ಆವಿಯ ಬಗೆಗೆ ಎಚ್ಚರಿಸುವ ಶಕ್ತಿ ಆ ಮಾತಿಗಿರಲಿಲ್ಲ.

ಇನ್ನೊಂದು ಕಾರ್ಖಾನೆಯಲ್ಲಿ ಮರವನ್ನು ಬಟ್ಟಿಯಿಳಿಸುವ ಲೋಹದ ಪಾತ್ರೆಗಳಿಗೆ ಸುಣ್ಣದ ಕಲ್ಲಿನಿಂದ ತಯಾರಿಸಿದ ಹೊದಿಕೆಯನ್ನು ಹಾಕಿದ್ದರು. ಕೆಲಸಗಾರರು ಅದನ್ನು ಕರೆಯುತ್ತಿದ್ದ ಹೆಸರಿನಲ್ಲಿಯೇ ‘ಕಲ್ಲು’ ಎಂಬುದಿತ್ತು. ಕಲ್ಲಿಗೆ ಬೆಂಕಿ ಹತ್ತುವುದುಂಟೆ? ಹೀಗಾಗಿ ಅದನ್ನು ಉರಿಯಿಂದ ಮರೆಮಾಡುವ ಪ್ರಯತ್ನವನ್ನೇ ಯಾರೂ ಮಾಡಲಿಲ್ಲ. ಕೆಲವು ಕಾಲ ಕಳೆದಮೇಲೆ ಪಾತ್ರೆಯ ಕೆಳಗಿನ ಬೆಂಕಿ ಹೊದಿಕೆಗೆ ತಾಗಿತು. ಎಲ್ಲರೂ ಬೆಚ್ಚುವಂತೆ ‘ಕಲ್ಲು’ ಧಗಧಗನೆ ಉರಿಯಿತು. ಪಾತ್ರೆಗಳಿಂದ ಹೊರಬರುತ್ತಿದ್ದ ಅಸಿಟಿಕ್ ಆಮ್ಲದ ಹಬೆ ಸುಣ್ಣದ ಕಲ್ಲಿನ ಒಂದು ಭಾಗವನ್ನು ಕ್ಯಾಲ್ಸಿಯಂ ಅಸಿಟೇಟ್ ಆಗಿ ಮಾರ್ಪಡಿಸಿತ್ತು. ಅದಕ್ಕೆ ಕಾವು ತಗುಲಿದಾಗ ಅಸಿಟೋನ್ ಎಂಬ ಉರಿಯುವ ದ್ರವ ಹುಟ್ಟುತ್ತದೆ. ವಸ್ತು ಒಳಗಿಂದೊಳಗೆ ಬದಲಾಗಿತ್ತು, ಹೆಸರು ಬದಲಾಗಿರಲಿಲ್ಲ. ಜನರು ಹೆಸರನ್ನು ನಂಬಿ ನಡೆದಿದ್ದರು.

ಭಾಷೆಯೇ ಮನುಷ್ಯನ ಆಲೋಚನೆಯನ್ನೆಲ್ಲ ರೂಪಿಸುತ್ತದೆಂಬ ವೋರ್ಫನ ದೊಡ್ಡ ಸಿದ್ಧಾಂತವನ್ನು ಈಚಿನ ವಿದ್ವಾಂಸರು ಪೂರ್ಣವಾಗಿ ಒಪ್ಪುವುದಿಲ್ಲ. ಆದರೆ ಈ ಖಾಲಿ ಪೀಪಾಯಿಯ ಪಾಠವನ್ನು ಪಡೆಯಲು ಸಿದ್ಧಾಂತದ ಅಗತ್ಯವಿಲ್ಲ. ಗ್ಯಾಸಿನ ಸಿಲಿಂಡರು ‘ಖಾಲಿ’ಯಾಯಿತೆಂದು ನಾವು ಹೇಳುವಾಗಲೂ ಅದರಲ್ಲಿ ಸ್ವಲ್ಪ ಅನಿಲ ಉಳಿದೇ ಇರುತ್ತದೆ. ಆದ್ದರಿಂದ ತುಂಬಿದ ಸಿಲಿಂಡರಿಗೆ ಹಾಕುವ ಮುಚ್ಚಳವನ್ನು ಖಾಲಿಯಾದುದಕ್ಕೂ ಹಾಕಿಯೇ ಇಡಬೇಕು.

ಇಲ್ಲದ ಭರವಸೆಯನ್ನು ಕೊಡುವ ಇನ್ನೊಂದು ಮಾತು ‘ಫೈರ್‌ಪ್ರೂಫ್’. ಷಿಕಾಗೋ ನಗರದಲ್ಲಿ 1903ರಲ್ಲಿ ಹೊಸದಾಗಿ ತೆರೆದ ಇರೊಕ್ವಾಯ್ ಎಂಬ ನಾಟಕಶಾಲೆಯನ್ನು ಸಂಪೂರ್ಣವಾಗಿ ‘ಫೈರ್‌ಪ್ರೂಫ್’ ಎಂದು ಆಟದ ಕರಪತ್ರದಲ್ಲಿಯೇ ಅಚ್ಚುಹಾಕಿದ್ದರು. ಅದೇ ಡಿಸೆಂಬರ್ 30ರ ಮಧ್ಯಾಹ್ನದ ಆಟದಲ್ಲಿ ರಂಗದ ದೀಪದಿಂದ ಪರದೆಗೆ ಕಿಡಿ ತಾಗಿ 602 ಜನ ಸತ್ತರು. ಅವರಲ್ಲಿ ಬಹುಮಂದಿ ರಜೆಯಲ್ಲಿ ಆಟ ನೋಡಲು ಬಂದಿದ್ದ ಹೆಂಗಸರು, ಮಕ್ಕಳು. ಕರಪತ್ರದ ಮಾತು ಒಂದರ್ಥದಲ್ಲಿ ಸುಳ್ಳಾಗಲಿಲ್ಲ: ಗೋಡೆಗಳು ಉರಿಯಲಿಲ್ಲ, ಮರುವರ್ಷ ಅದೇ ಕಟ್ಟಡ ಬೇರೊಂದು ಹೆಸರಿನಿಂದ ಮತ್ತೆ ತೆರೆಯಿತು. ಉರಿದದ್ದು ಒಳಗಿದ್ದ ಪರದೆ, ಬಣ್ಣ, ಪೀಠೋಪಕರಣಗಳು. ಸತ್ತವರು ಒಳಗಿದ್ದ ಜನ. ಇಂದು ಬೆಂಕಿಯ ವಿಷಯವನ್ನು ಬಲ್ಲವರು ಆ ಮಾತನ್ನು ಬಳಸಲು ಹಿಂಜರಿಯುತ್ತಾರೆ. ಅದರ ಬದಲು ‘ಫೈರ್ ರೆಸಿಸ್ಟೆಂಟ್’, ಎಂದರೆ ಬೆಂಕಿಯನ್ನು ತಡೆದು ನಿಲ್ಲುವಂಥದು, ಎಂದು ಹೇಳಿ, ಎಷ್ಟು ಗಂಟೆಯ ಕಾಲ ತಡೆದೀತೆಂಬುದನ್ನೂ ಸೇರಿಸುತ್ತಾರೆ. ಮೊದಲನೆಯದು ಎಂದೆಂದಿಗೂ ಎಂಬ ಭರವಸೆ. ಎರಡನೆಯದು ಇಷ್ಟು ಹೊತ್ತು ಎಂಬ ಲೆಕ್ಕ. ಓಡಿ ಪಾರಾಗಬೇಕಾದವನಿಗೆ ಉಪಯೋಗವಾಗುವುದು ಲೆಕ್ಕವೇ.

ಇದೆಲ್ಲ ದೂರದ ಕಾರ್ಖಾನೆಗಳ, ನಾಟಕಶಾಲೆಗಳ ಮಾತೆಂದು ತಳ್ಳಿಹಾಕುವಂತಿಲ್ಲ. ನಗರದ ಮನೆಗಳಲ್ಲಿ ಇಂದು ಸೀಮೆಎಣ್ಣೆಯ ಒಲೆ ಅಪರೂಪವಾಗಿದೆ. ಆದರೆ ಬೇರೆ ವಸ್ತುಗಳು ಬಂದು ಸೇರಿವೆ. ಉಗುರುಬಣ್ಣವನ್ನು ಅಳಿಸುವ ಸೀಸೆಯಲ್ಲಿ ಹಲವು ವೇಳೆ ಇರುವುದು ಅಸಿಟೋನ್. ಬಣ್ಣಕ್ಕೆ ಬೆರೆಸುವ ಥಿನ್ನರ್, ಸೊಳ್ಳೆ ಜಿರಲೆಗಳಿಗೆ ಸಿಂಪಡಿಸುವ ಒತ್ತಡದ ಡಬ್ಬ, ಸುಗಂಧದ ಸೀಸೆ ಎಲ್ಲವೂ ಇದೇ ಬಳಗದವು. 2020ರ ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ ಸ್ಯಾನಿಟೈಸರಿನಲ್ಲಿ ಬಹುಪಾಲು ಮದ್ಯಸಾರವೇ. ಅದು 20 ಡಿಗ್ರಿಗಿಂತ ಕೆಳಗೇ ಹೊತ್ತಬಲ್ಲದು. ಕೈಗೆ ಹಚ್ಚಿದ್ದು ಆರುವ ಮೊದಲೇ ಒಲೆ ಹಚ್ಚಲು ಅಥವಾ ದೇವರ ದೀಪ ಬೆಳಗಲು ಹೋಗಬಾರದೆಂದು ಆಗ ಎಚ್ಚರಿಸಿದ್ದು ಇದಕ್ಕಾಗಿಯೇ. ಇವುಗಳ ಮೇಲೆಲ್ಲ ಸಣ್ಣ ಅಕ್ಷರಗಳಲ್ಲಿ ಈ ಎರಡು ಮಾತುಗಳಲ್ಲಿ ಒಂದು ಇರುತ್ತದೆ. ಯಾವುದಿದ್ದರೂ ಅರ್ಥ ಒಂದೇ.

ಬಸ್ಸಿನಲ್ಲಿ ಉತ್ತರ ಹೇಳಲಾರದೆ ಹೋದ ತಂದೆ ಮನೆಗೆ ಬಂದೊಡನೆ ಅಟ್ಟದಲ್ಲಿದ್ದ ಹಳೆಯ ನಿಘಂಟನ್ನು ಇಳಿಸಿ ಧೂಳು ಕೊಡವಿದರು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ‘ಇನ್’ಗಳ ಕಥೆಯನ್ನು ಹೇಳಿದರು. ಕಥೆ ಕೇಳಿ ಎದ್ದುಹೋದ ಹುಡುಗ ಸ್ವಲ್ಪ ಹೊತ್ತಿನಲ್ಲಿಯೇ ಹಿಂದಿರುಗಿದ. ಹಿಂದಿನ ವಾರ ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಸಿದ್ದಾಗ ಉಳಿದಿದ್ದ ಥಿನ್ನರಿನ ಡಬ್ಬ ದೇವರ ಮನೆಯ ಬಾಗಿಲ ಬಳಿ ಇತ್ತು.

“ಅಪ್ಪಾ, ಇದರ ಮೇಲೆ ‘ಇನ್’ ಇಲ್ಲ. ಬರೀ ಫ್ಲ್ಯಾಮಬಲ್.”

“ಎರಡೂ ಒಂದೇ ಅಂತ ಈಗ ತಾನೆ ಹೇಳಲಿಲ್ಲವೇನೋ?” ಎನ್ನುತ್ತ ತಂದೆ ಎದ್ದು ಬಂದರು.

ದೇವರ ಮುಂದೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ತಾಯಿ ತಲೆಯೆತ್ತಿ ನೋಡಿದರು. “ಅದು ಖಾಲಿ ಡಬ್ಬ ಕಣ್ರೀ. ನಾಳೆ ಹಳೇ ಸಾಮಾನಿನವನಿಗೆ ಹಾಕಿದರಾಯ್ತು, ಅಲ್ಲೇ ಇರಲಿ ಬಿಡಿ.”

ತಂದೆ ಡಬ್ಬವನ್ನು ಎತ್ತಿಕೊಂಡರು. ಕೈಗೆ ಹಗುರವಾಗಿತ್ತು. ಮುಚ್ಚಳದ ಬಳಿ ಮೂಗು ತಂದಾಗ ಘಾಟು ಇನ್ನೂ ಹಾಗೆಯೇ ಇತ್ತು.

“ಖಾಲಿಯಾಗಿಲ್ಲ ಕಣೇ. ದೀಪ ಹಚ್ಚೋದು ಒಂದು ನಿಮಿಷ ತಡಿ” ಎಂದು ಹೇಳಿ, ಮುಚ್ಚಳವನ್ನು ಬಿಗಿಮಾಡಿ, ಡಬ್ಬವನ್ನು ಹಿತ್ತಲ ಗೋಡೆಯಾಚೆ ನೆರಳಿನಲ್ಲಿಟ್ಟು ಬಂದರು. ಅನಂತರ ದೀಪ ಹಚ್ಚಿದರು.